ಮೂತ್ರದಲ್ಲಿ ಸಿಕ್ಕ ಮದ್ದು, ಕಿಡ್ನಿಯಲ್ಲಿ ಸಿಕ್ಕ ಮೂಲ

1970ರ ದಶಕದ ದಕ್ಷಿಣ ಕೊರಿಯಾದಲ್ಲಿ ಸಾರ್ವಜನಿಕ ಶೌಚಾಲಯಕ್ಕೆ ಹೋದ ಗಂಡಸರಿಗೆ ಒಳಗೆ ಪ್ಲಾಸ್ಟಿಕ್ ಕ್ಯಾನುಗಳು ಕಾಣುತ್ತಿದ್ದವು. ಮೂತ್ರ ಚರಂಡಿಗೆ ಹೋಗಕೂಡದು, ಆ ಕ್ಯಾನಿಗೇ ಬೀಳಬೇಕು. ಶಾಲೆಗಳಲ್ಲಿ, ಸೈನಿಕರ ಬಿಡಾರಗಳಲ್ಲಿ ಕೂಡ ಇದೇ ಏರ್ಪಾಟು. ತುಂಬಿದ ಕ್ಯಾನುಗಳು ಗ್ರೀನ್ ಕ್ರಾಸ್ ಎಂಬ ಔಷಧ ಕಂಪನಿಯ ಕಾರ್ಖಾನೆ ಸೇರುತ್ತಿದ್ದವು. ಅಲ್ಲಿ ಅಷ್ಟೆಲ್ಲ ಮೂತ್ರವನ್ನು ಶೋಧಿಸಿ, ಸಾಂದ್ರಗೊಳಿಸಿ, ಒಣಗಿಸಿ ಕೊನೆಗೆ ಉಳಿಸಿಕೊಳ್ಳುತ್ತಿದ್ದದ್ದು ಚಿಟಿಕೆಯಷ್ಟು ಬಿಳಿ ಪುಡಿ. ಅದು ಹಡಗು ಹತ್ತಿ ಜಪಾನಿಗೆ ಹೋಗಿ ಯಾರದೋ ರಕ್ತನಾಳದೊಳಕ್ಕೆ ಇಳಿಯುತ್ತಿತ್ತು. ಮುಂದೆ ಚೀನಾದ ಊರುಗಳಲ್ಲಿಯೂ ಇಂಥ ಸಂಗ್ರಹ ನಡೆಯಿತು. ಪುಡಿಯ ಹೆಸರು ಯುರೋಕೈನೇಸ್. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಕಿಣ್ವ.

ಋಷಿಮೂಲ, ನದೀಮೂಲ ಹುಡುಕಬಾರದು ಎನ್ನುತ್ತಾರೆ ಹಿರಿಯರು. ಈ ಮದ್ದಿನ ಚರಿತ್ರೆ ಮೂಲ ಹುಡುಕಿದವರ ಚರಿತ್ರೆ. ಒಮ್ಮೆ ಹುಡುಕಿದಾಗ ಹೊಸ ಉದ್ಯಮ ಹುಟ್ಟಿತು. ಎರಡನೆಯ ಸಲ ಹುಡುಕಿದಾಗ ಅದೇ ಉದ್ಯಮದ ಬಾಗಿಲು ಮುಚ್ಚಿತು.

ಕನ್ನಡದಲ್ಲಿ ಹಾಲಿಗೆ ಹಾಕುವುದೂ ಹೆಪ್ಪು, ಗಾಯದ ಮೇಲೆ ಗಟ್ಟಿಯಾಗುವುದೂ ಹೆಪ್ಪು. ಎರಡರಲ್ಲಿಯೂ ಹರಿಯುತ್ತಿದ್ದ ಪ್ರೋಟೀನು ಬಲೆ ಕಟ್ಟಿ ನಿಲ್ಲುತ್ತದೆ. ರಕ್ತದ ವಿಷಯದಲ್ಲಿ ಆ ಬಲೆಯ ನೂಲು ಫೈಬ್ರಿನ್. ಆದರೆ ಮೊಸರು ಮತ್ತೆ ಹಾಲಾಗುವುದಿಲ್ಲ, ರಕ್ತದ ಹೆಪ್ಪು ಕರಗುತ್ತದೆ. ಗಾಯ ಮಾಯುತ್ತಿದ್ದಂತೆ ಬಲೆಯನ್ನು ಬಿಚ್ಚುವ ಕೆಲಸ ಪ್ಲಾಸ್ಮಿನ್ ಎಂಬ ಕಿಣ್ವದ್ದು. ಸದಾ ಎಚ್ಚರವಾಗಿದ್ದರೆ ಅದು ಬೇಕಾದ ಹೆಪ್ಪನ್ನೂ ತಿಂದುಹಾಕೀತು. ಹಾಗಾಗಿ ದೇಹ ಅದನ್ನು ಪ್ಲಾಸ್ಮಿನೋಜನ್ ಎಂಬ ನಿದ್ದೆಯ ರೂಪದಲ್ಲಿ ರಕ್ತದಲ್ಲಿ ಹರಿಯಬಿಟ್ಟಿದೆ. ಬೇಕಾದ ಹೊತ್ತಿಗೆ, ಬೇಕಾದ ಜಾಗದಲ್ಲಿ ಅದನ್ನು ತಟ್ಟಿ ಎಬ್ಬಿಸಲು ಇನ್ನೊಂದು ಕಿಣ್ವ ಬೇಕು. ಯುರೋಕೈನೇಸ್ ಅಂಥ ಎಬ್ಬಿಸುವ ಕಿಣ್ವ.

ಮೂತ್ರಕ್ಕೆ ಪ್ರೋಟೀನನ್ನು ಅರಗಿಸುವ ಶಕ್ತಿ ಇದೆ ಎಂಬುದು ಹಳೆಯ ಸುದ್ದಿ. ವಿಯೆನ್ನಾದ ಶರೀರಶಾಸ್ತ್ರಜ್ಞ ಅರ್ನ್ಸ್ಟ್ ಬ್ರೂಕೆ 1861ರಲ್ಲೇ ಇದನ್ನು ಗುರುತಿಸಿದ್ದ. 1885ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯ ಹರ್ಮನ್ ಸಾಹ್ಲಿ, ಮೂತ್ರ ಫೈಬ್ರಿನ್ನನ್ನೂ ಕರಗಿಸುತ್ತದೆ ಎಂದು ತೋರಿಸಿದ. ಪ್ರೋಟೀನನ್ನು ಅರಗಿಸುವ ಕಿಣ್ವಗಳಲ್ಲಿ ಆ ಕಾಲದವರಿಗೆ ಚೆನ್ನಾಗಿ ಗೊತ್ತಿದ್ದವೆಂದರೆ ಜಠರ ಮತ್ತು ಮೇದೋಜೀರಕ ಗ್ರಂಥಿಯವು. ಹೊಟ್ಟೆಯಲ್ಲಿ ಉಳಿದದ್ದು ರಕ್ತಕ್ಕೆ ಸೇರಿ, ಅಲ್ಲಿಂದ ಮೂತ್ರಕ್ಕೆ ಸೋರಿರಬೇಕು ಎಂದು ಅವರು ಲೆಕ್ಕ ಹಾಕಿದರು. ಫೈಬ್ರಿನ್ ಕರಗಿಸುವ ಗುಣದ ಮಟ್ಟಿಗೆ ಆ ಲೆಕ್ಕ ತಪ್ಪಾಗಿತ್ತು, ಆದರೆ ಅದನ್ನು ತಪ್ಪೆನ್ನಲು ಯಾರಿಗೂ ಕಾರಣ ಸಿಗಲಿಲ್ಲ. ಅರವತ್ತು ವರ್ಷ ಈ ವಿಷಯ ಗ್ರಂಥಾಲಯದ ಕಪಾಟಿನಲ್ಲಿ ಕುಳಿತಿತ್ತು.

ಅದನ್ನು ಮತ್ತೆ ಕೈಗೆತ್ತಿಕೊಂಡವರು ಆಕ್ಸ್‌ಫರ್ಡಿನ ಗ್ವಿನ್ ಮ್ಯಾಕ್‌ಫರ್ಲೇನ್. ರಕ್ತ ಹೆಪ್ಪುಗಟ್ಟುವುದರ ಬಗ್ಗೆ ಅವರಷ್ಟು ತಲೆ ಕೆಡಿಸಿಕೊಂಡವರು ಆಗ ಕಡಿಮೆ. ನಮ್ಮ ಹೊಲಗದ್ದೆಗಳ ಕೊಳಕುಮಂಡಲದ ವಿಷ ರಕ್ತವನ್ನು ಕ್ಷಣದಲ್ಲಿ ಗಟ್ಟಿಮಾಡುತ್ತದಲ್ಲ, ಅದೇ ವಿಷವನ್ನು ತೆಳುವಾಗಿಸಿ ಹಿಮೋಫೀಲಿಯಾ ರೋಗಿಗಳ ಗಾಯಕ್ಕೆ ಹಚ್ಚಿ ರಕ್ತ ನಿಲ್ಲಿಸುವ ಉಪಾಯವನ್ನು 1934ರಲ್ಲಿ ಬಾರ್ನೆಟ್ ಎಂಬವರ ಜೊತೆ ತೋರಿಸಿದ್ದವರು ಇವರೇ. ಹೆಪ್ಪು ಕಟ್ಟುವುದನ್ನು ಹಾವಿನಿಂದ ಕಲಿತವರು ಹೆಪ್ಪು ಕರಗುವುದನ್ನು ಮೂತ್ರದಲ್ಲಿ ಕಂಡರು. ಆರೋಗ್ಯವಂತರ ಮೂತ್ರದಲ್ಲಿಯೂ ಫೈಬ್ರಿನ್ ಕರಗಿಸುವ ಗುಣವಿದೆ ಎಂದು ಮ್ಯಾಕ್‌ಫರ್ಲೇನ್ ಮತ್ತು ಪಿಲ್ಲಿಂಗ್ 1947ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಅಷ್ಟು ಹೊತ್ತಿಗೆ ಪ್ಲಾಸ್ಮಿನೋಜನ್ ಎಂಬುದೊಂದು ಇದೆ, ಅದನ್ನು ಎಬ್ಬಿಸುವ ವಸ್ತುಗಳೂ ಇವೆ ಎಂಬುದು ತಿಳಿದಿತ್ತು. ಹಳೆಯ ಸುದ್ದಿಗೆ ಈಗ ಹೊಸ ಅರ್ಥ ಬಂತು.

ಮುಂದಿನ ಹೆಜ್ಜೆ ಕೋಪನ್‌ಹೇಗನ್ನಿನದು. ಅಲ್ಲಿ ಟಾಗೆ ಆಸ್ಟ್ರುಪ್ ಎಂಬ ವಿಜ್ಞಾನಿ ಬಳಕೆಗೆ ತಂದ ಸಾಧನ ಅಡುಗೆಮನೆಯದೇನೋ ಎನ್ನುವಷ್ಟು ಸರಳ. ಅಗಲ ಬಾಯಿಯ ಗಾಜಿನ ತಟ್ಟೆಯಲ್ಲಿ ಫೈಬ್ರಿನ್ನನ್ನು ಹೆಪ್ಪುಗಟ್ಟಿಸುವುದು. ತಟ್ಟೆಯ ತಳದಲ್ಲಿ ತೆಳುವಾದ, ಮಬ್ಬು ಬಿಳುಪಿನ ಕೆನೆಯಂಥ ಪದರ ನಿಲ್ಲುತ್ತದೆ. ಅದರ ಮೇಲೆ ಪರೀಕ್ಷಿಸಬೇಕಾದ ದ್ರವದ ಒಂದು ಹನಿ ಇಟ್ಟು, ದೇಹದ ಬಿಸಿಯಷ್ಟೇ ಬಿಸಿಯಿರುವ ಪೆಟ್ಟಿಗೆಯಲ್ಲಿ ರಾತ್ರಿಯಿಡೀ ಬಿಡುವುದು. ಹನಿಯಲ್ಲಿ ಕಿಣ್ವವಿದ್ದರೆ ಬೆಳಗಾಗುವಷ್ಟರಲ್ಲಿ ಅದು ಕುಳಿತ ಜಾಗದಲ್ಲಿ ದುಂಡನೆಯ ತೂತು ಬಿದ್ದಿರುತ್ತದೆ, ತಳದ ಗಾಜು ಕಾಣುತ್ತದೆ. ತೂತಿನ ಅಡ್ಡಳತೆಯನ್ನು ಅಳೆದರೆ ಕಿಣ್ವದ ಬಲ ಎಷ್ಟೆಂದು ತಿಳಿಯಿತು. ಮೂತ್ರದಲ್ಲಿರುವುದು ಫೈಬ್ರಿನ್ನನ್ನು ತಾನೇ ತಿನ್ನುವ ವಸ್ತುವಲ್ಲ, ನಿದ್ದೆಯಲ್ಲಿರುವ ಪ್ಲಾಸ್ಮಿನೋಜನ್ನನ್ನು ಎಬ್ಬಿಸುವ ವಸ್ತು ಎಂಬುದು 1950ರ ದಶಕದ ಆರಂಭದಲ್ಲಿ ವಿಲಿಯಮ್ಸ್ ಎಂಬ ಸಂಶೋಧಕ ಮತ್ತು ಆಸ್ಟ್ರುಪ್ ತಂಡದ ಕೆಲಸದಿಂದ ಖಚಿತವಾಯಿತು.

1952ರಲ್ಲಿ ಅಮೆರಿಕದ ಸೋಬೆಲ್, ಗೆಸ್ಟ್ ಮತ್ತು ಸಂಗಡಿಗರು ಇದಕ್ಕೆ ಯುರೋಕೈನೇಸ್ ಎಂದು ನಾಮಕರಣ ಮಾಡಿದರು. ಹೆಸರಾಯಿತು, ವಸ್ತುವನ್ನು ಕೈಗೆ ಸಿಗುವಂತೆ ಮಾಡುವುದು ಹೇಗೆ? ಮೂತ್ರದಲ್ಲಿ ಯೂರಿಯಾ, ಉಪ್ಪು, ಬಣ್ಣ ಎಲ್ಲವೂ ಧಾರಾಳ, ಇದೊಂದೇ ಅತ್ಯಲ್ಪ. ಗೆಸ್ಟ್ ಅವರ ಗುಂಪು ನೊರೆಯ ದಾರಿ ಹಿಡಿಯಿತು. ಮೂತ್ರದೊಳಕ್ಕೆ ಗಾಳಿ ಊದಿ ನೊರೆ ಎಬ್ಬಿಸಿದರೆ ಪ್ರೋಟೀನುಗಳು ಗುಳ್ಳೆಯ ಗೋಡೆಗೆ ಅಂಟಿಕೊಂಡು ಮೇಲೆ ಬರುತ್ತವೆ. ಬೇಯುವ ಬೇಳೆಯ ನೊರೆಯನ್ನು ನಾವು ಸೌಟಿನಲ್ಲಿ ತೆಗೆದು ಚೆಲ್ಲುತ್ತೇವೆ. ಅವರು ನೊರೆಯನ್ನು ಉಳಿಸಿಕೊಂಡು ಕೆಳಗಿನದನ್ನು ಚೆಲ್ಲಿದರು. 1957ರಲ್ಲಿ ಡೆನ್ಮಾರ್ಕಿನ ಪ್ಲೋಗ್ ಮತ್ತು ಕ್ಯೆಲ್ಡ್‌ಗೋರ್ ಇನ್ನೂ ಶುದ್ಧವಾದ ರೂಪವನ್ನು ಪಡೆದರು. ಕಿಣ್ವದ ಬಲವನ್ನು ಅಳೆಯುವ ಒಂದು ಮಾನಕ್ಕೆ ಪ್ಲೋಗ್ ಹೆಸರೇ ನಿಂತಿತು.

ಇಷ್ಟೊಂದು ಪಾಡುಪಡಲು ಕಾರಣವಿತ್ತು. ಹೆಪ್ಪು ಕರಗಿಸುವ ಮದ್ದು ಅದಾಗಲೇ ಒಂದಿತ್ತು. 1933ರಲ್ಲಿ ವಿಲಿಯಂ ಟಿಲೆಟ್ ಮತ್ತು ಗಾರ್ನರ್ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದ ಕರಗಿಸುವ ಗುಣವನ್ನು ವರದಿ ಮಾಡಿದ್ದರು, ಅದರಿಂದ ಸ್ಟ್ರೆಪ್ಟೊಕೈನೇಸ್ ಬಂದಿತ್ತು. ಆದರೆ ಗಂಟಲುನೋವು ಬಂದವರೆಲ್ಲರ ರಕ್ತದಲ್ಲಿ ಆ ಬ್ಯಾಕ್ಟೀರಿಯಾದ ವಿರುದ್ಧ ಪ್ರತಿಕಾಯಗಳಿರುವ ಸಂಭವವಿದೆ. ಔಷಧ ಒಳಗೆ ಹೋದರೆ ದೇಹ ಅದನ್ನು ಶತ್ರುವೆಂದು ಹಿಡಿಯುತ್ತದೆ; ಜ್ವರ, ಅಲರ್ಜಿ, ಕೆಲವೊಮ್ಮೆ ಮದ್ದೇ ನಿಷ್ಫಲ. ಟಿಲೆಟ್ ಜೊತೆ ಕೆಲಸ ಮಾಡಿದ್ದ ಸಾಲ್ ಶೆರ್ರಿ ಸೇಂಟ್ ಲೂಯಿಸ್‌ನಲ್ಲಿ ಆಂಥೊನಿ ಫ್ಲೆಚರ್, ನಾರ್ಮಾ ಅಲ್ಕ್ಯರ್ಸಿಗ್ ಅವರೊಡನೆ ಯುರೋಕೈನೇಸಿನ ಬೆನ್ನು ಹತ್ತಿದರು. ಇದು ಮನುಷ್ಯನದೇ ಪ್ರೋಟೀನು, ದೇಹಕ್ಕೆ ಪರಕೀಯವಲ್ಲ. 1965ರ ಹೊತ್ತಿಗೆ ಅವರ ತಂಡ ಇದನ್ನು ಮನುಷ್ಯರಿಗೆ ಕೊಟ್ಟು ನೋಡಿದ ಫಲಿತಾಂಶಗಳನ್ನು ಪ್ರಕಟಿಸಿತು.

ದೊಡ್ಡ ಪರೀಕ್ಷೆ 1968ರಲ್ಲಿ ಶುರುವಾಯಿತು. ಕಾಲಿನ ಅಭಿಧಮನಿಯಲ್ಲಿ ಕಟ್ಟಿದ ಹೆಪ್ಪು ಕಳಚಿ, ಹೃದಯ ದಾಟಿ, ಶ್ವಾಸಕೋಶದ ನಾಳದಲ್ಲಿ ಸಿಕ್ಕಿಕೊಳ್ಳುವ ಪಲ್ಮನರಿ ಎಂಬಾಲಿಸಂ ಆಗ ವೈದ್ಯರ ಕೈ ಕಟ್ಟಿಹಾಕುತ್ತಿದ್ದ ಕಾಯಿಲೆ. ಹೆಪಾರಿನ್ ಕೊಟ್ಟರೆ ಹೊಸ ಹೆಪ್ಪು ತಡೆಯಬಹುದು, ಇರುವುದು ಹಾಗೆಯೇ ಉಳಿಯುತ್ತದೆ. ಅಮೆರಿಕದ ರಾಷ್ಟ್ರೀಯ ಹೃದಯ ಸಂಸ್ಥೆಯ ನೆರವಿನಲ್ಲಿ 160 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಒಂದಕ್ಕೆ ಹೆಪಾರಿನ್, ಇನ್ನೊಂದಕ್ಕೆ ಹನ್ನೆರಡು ತಾಸು ಯುರೋಕೈನೇಸ್ ಕೊಡಲಾಯಿತು. ಒಬ್ಬ ರೋಗಿಯ ಪ್ರಮಾಣಕ್ಕೆ ನೂರಾರು ಲೀಟರ್ ಮೂತ್ರ ಬೇಕಿತ್ತು. 1970ರಲ್ಲಿ ಫಲಿತಾಂಶ ಹೊರಬಂತು: ಇಪ್ಪತ್ತನಾಲ್ಕು ತಾಸಿನಲ್ಲಿ ಯುರೋಕೈನೇಸ್ ಪಡೆದವರ ಹೆಪ್ಪು ಹೆಚ್ಚು ಕರಗಿತ್ತು. ಆದರೆ ಸಾವಿನ ಲೆಕ್ಕದಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ, ರಕ್ತಸ್ರಾವ ಮಾತ್ರ ಹೆಚ್ಚಿತ್ತು. ಕರಗಿದ್ದೇ ಗೆಲುವು ಎಂದವರಿದ್ದರು. ಬದುಕುಳಿಯದಿದ್ದರೆ ಕರಗಿ ಏನು ಬಂತು ಎಂದವರೂ ಇದ್ದರು. ಯಾರಿಗೆ ಕೊಡಬೇಕು, ಯಾರಿಗೆ ಬೇಡ ಎಂಬ ಆ ವಾದ ರೂಪ ಬದಲಿಸಿಕೊಂಡು ಇಂದಿಗೂ ನಡೆದಿದೆ.

ಇದರ ಮಗ್ಗುಲಲ್ಲೇ ಮೂಲದ ಪ್ರಶ್ನೆ ಬೆಳೆಯುತ್ತಿತ್ತು. ಮೂತ್ರದ ಈ ಕಿಣ್ವ ರಕ್ತದಿಂದ ಸೋರಿ ಬಂದದ್ದೋ ಅಥವಾ ಕಿಡ್ನಿಯೇ ತಯಾರಿಸಿದ್ದೋ? ರಕ್ತದಲ್ಲಿಯೂ ಪ್ಲಾಸ್ಮಿನೋಜನ್ ಎಬ್ಬಿಸುವ ವಸ್ತು ಇದ್ದುದರಿಂದ ಸೋರಿಕೆಯ ವಾದ ಸಹಜವಾಗಿಯೇ ಕಾಣುತ್ತಿತ್ತು. ಅದಕ್ಕೆ ಪೆಟ್ಟು ಬಿದ್ದದ್ದು ಎರಡು ಕಡೆಯಿಂದ. 1968ರಲ್ಲಿ ಕುಸಿನ್ಸ್ಕಿ, ಫ್ಲೆಚರ್ ಮತ್ತು ಶೆರ್ರಿ ಯುರೋಕೈನೇಸಿಗೆ ಎದುರಾದ ಪ್ರತಿಕಾಯಗಳನ್ನು ಬಳಸಿ ನೋಡಿದರು. ಅವು ಮೂತ್ರದ ಕಿಣ್ವವನ್ನು ಹಿಡಿದು ನಿಲ್ಲಿಸಿದವು, ರಕ್ತದ ಕಿಣ್ವವನ್ನು ಮುಟ್ಟಲಿಲ್ಲ. ಎರಡೂ ಬೇರೆ ಎಂದಾಯಿತು. ಇತ್ತ ಷಿಕಾಗೋದಲ್ಲಿ ಮರಿಯಾ ಬರ್ನಿಕ್ ಮತ್ತು ಹೌ ಕ್ವಾನ್ ಮನುಷ್ಯರ ಕಿಡ್ನಿಯ ಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿದ್ದರು. ರಕ್ತದ ಸಂಪರ್ಕವಿಲ್ಲದ, ಮೂತ್ರದ ಸುಳಿವಿಲ್ಲದ ಪಾತ್ರೆ ಅದು. ಆದರೂ ಕೋಶಗಳು ಬೆಳೆದ ದ್ರವದಲ್ಲಿ ಫೈಬ್ರಿನ್ ಕರಗಿಸುವ ಶಕ್ತಿ ಕಾಣಿಸಿತು, ಯುರೋಕೈನೇಸಿನ ಪ್ರತಿಕಾಯಕ್ಕೆ ಅದು ಬಗ್ಗಿತು. 1967ರಿಂದ 1969ರವರೆಗಿನ ಅವರ ಬರಹಗಳು ಕಿಡ್ನಿಯೇ ತವರು ಎಂಬುದನ್ನು ಖಚಿತಪಡಿಸಿದವು. 1973ರಲ್ಲಿ ಬರ್ನಿಕ್ ಇನ್ನೊಂದು ಸಂಗತಿ ಕಂಡರು: ಬೆಳೆಯುತ್ತಿರುವ ಕೋಶಗಳ ಮೇಲೆ ಫೈಬ್ರಿನ್ ಹರಡಿದರೆ ಕಿಣ್ವದ ಪ್ರಮಾಣ ಏರುತ್ತದೆ. ತಮ್ಮ ಮೇಲೆ ಬಿದ್ದ ಬಲೆಯನ್ನು ಗುರುತಿಸಿ ಅದನ್ನು ಬಿಚ್ಚುವ ಕತ್ತರಿಯನ್ನು ಕೋಶಗಳೇ ಮಾಡಿಕೊಳ್ಳುತ್ತಿದ್ದವು.

ಔಷಧ ಕಂಪನಿಗಳಿಗೆ ಈ ಸುದ್ದಿ ಬರೀ ಶಾಸ್ತ್ರದ ಸುದ್ದಿಯಾಗಿರಲಿಲ್ಲ. ಕೋಶಗಳೇ ಕಿಣ್ವ ತಯಾರಿಸುವುದಾದರೆ ಶೌಚಾಲಯಗಳ ಹಿಂದೆ ಲಾರಿ ಓಡಿಸುವುದೇಕೆ? ಅಬಾಟ್ ಕಂಪನಿ ಕೋಶ ಕೃಷಿಯ ಹಾದಿ ಹಿಡಿಯಿತು. ಕಿಡ್ನಿಯ ಎಲ್ಲ ಕೋಶಗಳೂ ಈ ಕೆಲಸ ಮಾಡುವುದಿಲ್ಲ, ಮಾಡುವವು ಕೆಲವೇ. ಅವನ್ನು ಬೇರ್ಪಡಿಸುವ ಆಸೆಯಲ್ಲಿ ಕಿಡ್ನಿ ಕೋಶಗಳು ಬಾಹ್ಯಾಕಾಶಕ್ಕೂ ಹೋಗಿ ಬಂದವು. 1975ರ ಜುಲೈ ತಿಂಗಳಲ್ಲಿ ಅಮೆರಿಕದ ಅಪೊಲೊ ಮತ್ತು ಸೋವಿಯತ್ ಸೊಯುಜ್ ನೌಕೆಗಳು ಕಕ್ಷೆಯಲ್ಲಿ ಕೈ ಕುಲುಕಿದವಲ್ಲ, ಆ ಯಾನದಲ್ಲಿ ಶೈತ್ಯದಲ್ಲಿ ಗಟ್ಟಿಯಾಗಿಸಿದ್ದ ಕೋಶಗಳನ್ನು ಕರಗಿಸಿ, ವಿದ್ಯುತ್ತಿನ ಎಳೆತದಲ್ಲಿ ಕೊಳವೆಯುದ್ದಕ್ಕೂ ಹರಿಯಬಿಟ್ಟರು. ಭೂಮಿಯ ಮೇಲಾದರೆ ಅವು ತಳಕ್ಕೆ ಕುಸಿಯುತ್ತವೆ, ಅಲ್ಲಿ ತೂಕವಿಲ್ಲ. ತಮ್ಮ ತಮ್ಮ ವಿದ್ಯುದಾವೇಶಕ್ಕೆ ತಕ್ಕ ವೇಗದಲ್ಲಿ ಅವು ಬೇರೆ ಬೇರೆಯಾದವು. ಮರಳಿ ತಂದು ಬೆಳೆಸಿದಾಗ ಒಂದು ಪಾಲಿನ ಕೋಶಗಳು ಉಳಿದವುಗಳಿಗಿಂತ ಹಲವು ಪಟ್ಟು ಹೆಚ್ಚು ಯುರೋಕೈನೇಸ್ ಕೊಟ್ಟವು. ಉದ್ಯಮ ಮಾತ್ರ ನೆಲದ ಮೇಲೆಯೇ ನಡೆಯಿತು. 1978ರ ಜನವರಿಯಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಅಬಾಟ್ ತಯಾರಿಸಿದ ಯುರೋಕೈನೇಸ್ ‘ಅಬೊಕೈನೇಸ್’ ಮಾರಾಟಕ್ಕೆ ಒಪ್ಪಿಗೆ ಕೊಟ್ಟಿತು.

ಕಾಕತಾಳೀಯವೆಂದರೆ ಅದೇ ವರ್ಷ ನಮ್ಮ ಪ್ರಧಾನಿ ಮೊರಾರ್ಜಿ ದೇಸಾಯಿ ಅಮೆರಿಕದ ಟಿವಿ ಸಂದರ್ಶನದಲ್ಲಿ ತಮ್ಮ ಸ್ವಮೂತ್ರಪಾನದ ಅಭ್ಯಾಸವನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡರು, ಜಗತ್ತು ನಕ್ಕಿತು. ಶಿವಾಂಬುವಿನ ಪರ ವಾದಿಸುವವರು ಇಂದಿಗೂ ಯುರೋಕೈನೇಸಿನ ಹೆಸರನ್ನು ಸಾಕ್ಷಿಗೆ ಕರೆಯುವುದುಂಟು. ಆದರೆ ಲೋಟದಲ್ಲಿರುವ ಅಂಶ ಔಷಧದ ಪ್ರಮಾಣದ ಹತ್ತಿರಕ್ಕೂ ಬಾರದು, ಕುಡಿದ ಪ್ರೋಟೀನನ್ನು ಹೊಟ್ಟೆ ಬೇಳೆಯ ಪ್ರೋಟೀನಿನಂತೆಯೇ ಅರಗಿಸಿಬಿಡುತ್ತದೆ.

1980ರ ದಶಕದಲ್ಲಿ ಕಾಲಿನ ಕಟ್ಟಿಹೋದ ಅಪಧಮನಿಗೆ ಸಣ್ಣ ಕೊಳವೆ ತೂರಿಸಿ ಹೆಪ್ಪಿನ ಮೇಲೆಯೇ ಯುರೋಕೈನೇಸ್ ಸುರಿಯುವ ವಿಧಾನ ಜನಪ್ರಿಯವಾಯಿತು. ಹೃದಯಾಘಾತದ ಅಂಗಳದಲ್ಲಿ ಮಾತ್ರ ಬೇರೆ ಸ್ಪರ್ಧಿ ಬಂದ. ಬೆಲ್ಜಿಯಂನ ಡೆಸಿರೆ ಕಾಲೆನ್ ಮತ್ತಿತರರ ಕೆಲಸದಿಂದ ಹುಟ್ಟಿದ, ಜೆನೆಂಟೆಕ್ ಕಂಪನಿ ತಳಿತಂತ್ರದಿಂದ ತಯಾರಿಸಿದ ಟಿಪಿಎ ಎಂಬ, ದೇಹದಲ್ಲೇ ಇರುವ ಇನ್ನೊಂದು ಎಬ್ಬಿಸುವ ಕಿಣ್ವ 1987ರಲ್ಲಿ ಮಾರುಕಟ್ಟೆಗೆ ಬಂತು. ಇದಕ್ಕೆ ಮೂತ್ರವೂ ಬೇಡ, ಕಿಡ್ನಿಯೂ ಬೇಡ. ಆದರೂ ಯುರೋಕೈನೇಸನ್ನು ಕೈಬಿಡದ ವೈದ್ಯರು ಬಹಳ ಮಂದಿ ಇದ್ದರು.

ಕಥೆ ತಿರುಗಿದ್ದು 1999ರ ಜನವರಿಯಲ್ಲಿ. ಔಷಧ ಆಡಳಿತ ಅಮೆರಿಕದ ವೈದ್ಯರಿಗೆ ಎಚ್ಚರಿಕೆಯ ಪತ್ರ ಬರೆಯಿತು. ಅಬೊಕೈನೇಸಿಗೆ ಬಳಸುವ ಕಿಡ್ನಿ ಕೋಶಗಳು ಕೊಲಂಬಿಯಾ ದೇಶದ ಕಾಲಿ ನಗರದಲ್ಲಿ ತೀರಿಕೊಂಡ ನವಜಾತ ಶಿಶುಗಳವು. ಸೋಂಕು ರೋಗಗಳು ಹೆಚ್ಚಿರುವ ಪ್ರದೇಶ ಅದು. ಆ ಶಿಶುಗಳನ್ನೂ ತಾಯಂದಿರನ್ನೂ ರೋಗಗಳಿಗಾಗಿ ಸರಿಯಾಗಿ ಪರೀಕ್ಷಿಸಿರಲಿಲ್ಲ, ತಯಾರಿಕೆಯ ಕ್ರಮದಲ್ಲಿಯೂ ದೋಷಗಳಿದ್ದವು. ಈ ಮದ್ದಿನಿಂದ ಸೋಂಕು ತಗುಲಿದ್ದು ಖಚಿತವಾದ ಪ್ರಕರಣ ಆಡಳಿತದ ಮುಂದೆ ಒಂದೂ ಇರಲಿಲ್ಲ. ಆದರೂ ಬೇರೆ ದಾರಿಯೇ ಇಲ್ಲದಾಗ ಮಾತ್ರ ಬಳಸಿ ಎಂದಿತು. ಪೂರೈಕೆ ನಿಂತಿತು. ಇಪ್ಪತ್ತು ವರ್ಷ ಸೂಜಿ ಹಿಡಿದವರಿಗೆ ಸೀಸೆಯೊಳಗಿನದು ಎಲ್ಲಿಂದ ಬಂತೆಂದು ಕೇಳುವ ಸಂದರ್ಭವೇ ಬಂದಿರಲಿಲ್ಲ. 2002ರ ಅಕ್ಟೋಬರಿನಲ್ಲಿ ಹೊಸ ನಿಯಮಗಳೊಂದಿಗೆ ಮದ್ದು ಮರಳಿತಾದರೂ ಅಷ್ಟರಲ್ಲಿ ಜಾಗ ಟಿಪಿಎ ಪಾಲಾಗಿತ್ತು. ಅಬಾಟ್ ಅದನ್ನು ಬೇರೆ ಕಂಪನಿಗೆ ಮಾರಿತು. ಕೆಲವೇ ವರ್ಷಗಳಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಅದು ಮರೆಯಾಯಿತು.

ಮದ್ದಿನ ಗಲಾಟೆಯಲ್ಲಿ ಹಿಂದೆ ಬಿದ್ದ ಪ್ರಶ್ನೆಯೊಂದಿದೆ: ಕಿಡ್ನಿಗೆ ಈ ಕಿಣ್ವ ಏಕೆ ಬೇಕು? ಸೂಕ್ಷ್ಮ ನಾಳಿಕೆಗಳಲ್ಲಿ ಫೈಬ್ರಿನ್ ಕಟ್ಟಿಕೊಳ್ಳದಂತೆ ಗುಡಿಸಲು ಎಂಬುದು ಹಳೆಯ ಉತ್ತರ. ಆದರೆ 1994ರಲ್ಲಿ ಪೀಟರ್ ಕಾರ್ಮೆಲಿಯೆಟ್, ಕಾಲೆನ್ ಮತ್ತಿತರರು ಯುರೋಕೈನೇಸ್ ವಂಶವಾಹಿ ತೆಗೆದುಹಾಕಿದ ಇಲಿಗಳನ್ನು ಬೆಳೆಸಿದಾಗ ಅವು ಬದುಕಿದವು, ಮರಿಗಳನ್ನೂ ಹಾಕಿದವು. ಟಿಪಿಎ ಕೂಡ ಇಲ್ಲವಾದಾಗಷ್ಟೇ ಫೈಬ್ರಿನ್ನಿನ ಹಾವಳಿ ಜೋರಾಯಿತು. ದೇಹ ಒಂದೇ ಕೆಲಸಕ್ಕೆ ಇಬ್ಬರು ಆಳುಗಳನ್ನು ಇಟ್ಟುಕೊಂಡಿತ್ತು.

ಮೂತ್ರದಲ್ಲಿ ಸಿಗುವುದು ಹೆಪ್ಪು ಕರಗಿಸುವ ಪ್ರೋಟೀನು ಮಾತ್ರವಲ್ಲ, ಹೆಪ್ಪು ಕಟ್ಟುವ ಬಳಗದ್ದೂ ಇದೆ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ರೋಸ್‌ಮೇರಿ ರಯಲ್ ತಂಡ ಮೂತ್ರಕ್ಕೆ ಆಕ್ಸಲೇಟ್ ಸೇರಿಸಿ ಹರಳು ಕಟ್ಟಿಸಿತು. ಹರಳನ್ನು ತೊಳೆದು ಕರಗಿಸಿದಾಗ ಒಳಗೆ ಎದ್ದುಕಂಡ ಪ್ರೋಟೀನು, ರಕ್ತ ಹೆಪ್ಪುಗಟ್ಟಿಸುವ ಪ್ರೋಥ್ರಾಂಬಿನ್ನಿನ ಒಂದು ತುಂಡು ಎಂಬುದು 1990ರ ದಶಕದ ಆರಂಭದಲ್ಲಿ ಗೊತ್ತಾಯಿತು. ಅದು ಹರಳು ಬೆಳೆಯುವುದನ್ನು, ಒಂದಕ್ಕೊಂದು ಅಂಟುವುದನ್ನು ತಡೆಯುತ್ತದೆ. ಕಿಡ್ನಿಯಲ್ಲಿ ಕಲ್ಲಾಗದಂತೆ ಕಾಯುವ ಕೆಲಸ. ಮತ್ತೆ ಹಳೆಯ ಪ್ರಶ್ನೆಯೇ ಎದ್ದಿತು, ರಕ್ತದ್ದೋ, ಕಿಡ್ನಿಯದ್ದೋ? ಇಲಿಯ ಕಿಡ್ನಿಯಲ್ಲಿ ಪ್ರೋಥ್ರಾಂಬಿನ್ನಿನ ವಂಶವಾಹಿ ಕೆಲಸ ಮಾಡುವ ಗುರುತುಗಳು ಸಿಕ್ಕವು.

ಇನ್ನೊಂದು ತಿರುವು ಡೆನ್ಮಾರ್ಕಿನಿಂದಲೇ ಬಂತು. ನೆಫ್ರೋಟಿಕ್ ಸಿಂಡ್ರೋಮ್‌ನಲ್ಲಿ ಕಿಡ್ನಿಯ ಜರಡಿ ಸಡಿಲಗೊಂಡು ಪ್ಲಾಸ್ಮಿನೋಜನ್ ಕೂಡ ಮೂತ್ರಕ್ಕೆ ಸೋರುತ್ತದೆ. ನಾಳಿಕೆಯಲ್ಲಿ ಕಾದಿರುವ ಯುರೋಕೈನೇಸ್ ಅದನ್ನು ಎಬ್ಬಿಸುತ್ತದೆ, ಎದ್ದ ಪ್ಲಾಸ್ಮಿನ್ ಉಪ್ಪನ್ನು ಹಿಡಿದಿಡುವ ಬಾಗಿಲನ್ನು ತೆರೆಯುತ್ತದೆ, ರೋಗಿಯ ಮುಖ ಕಾಲು ಊದಿಕೊಳ್ಳುತ್ತವೆ ಎಂದು 2009ರಲ್ಲಿ ಅಲ್ಲಿನ ತಂಡ ವಾದಿಸಿತು. ಆದರೆ ಯುರೋಕೈನೇಸ್ ಇಲ್ಲದ ಇಲಿಗಳೂ ಊದಿಕೊಂಡವು ಎಂದು ಮುಂದಿನ ಪ್ರಯೋಗಗಳು ತೋರಿಸಿದವು. ಆ ವಾದ ಇನ್ನೂ ಇತ್ಯರ್ಥವಾಗಿಲ್ಲ.

ಭಾರತದಲ್ಲಿ ಯುರೋಕೈನೇಸ್ ಇಂದಿಗೂ ಬಳಕೆಯಲ್ಲಿದೆ, ಮಾನವ ಮೂತ್ರದಿಂದ ತೆಗೆದದ್ದೇ ಮಾರಾಟಕ್ಕೆ ಸಿಗುತ್ತದೆ. ಕರ್ನಾಟಕದ ಡಯಾಲಿಸಿಸ್ ವಾರ್ಡುಗಳಿಗೂ ಅದು ಅಪರಿಚಿತವಲ್ಲ. ಕುತ್ತಿಗೆಯ ಕ್ಯಾತಿಟರ್ ಹೆಪ್ಪಿನಿಂದ ಕಟ್ಟಿಕೊಂಡರೆ ನರ್ಸು ಸಣ್ಣ ಸೀಸೆಯ ಬಿಳಿ ಪುಡಿಯನ್ನು ನೀರಿನಲ್ಲಿ ಕದಡಿ, ಸಿರಿಂಜಿನಲ್ಲಿ ಎಳೆದು, ಕೊಳವೆಯೊಳಗೆ ತುಂಬಿ ಮುಚ್ಚಳ ಹಾಕುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಹಿಂದಕ್ಕೆ ಎಳೆದರೆ ಕಪ್ಪು ಎಳೆಗಳೊಂದಿಗೆ ರಕ್ತ ಬರುತ್ತದೆ, ಯಂತ್ರ ಮತ್ತೆ ತಿರುಗತೊಡಗುತ್ತದೆ. ಹಾಸಿಗೆಯಲ್ಲಿರುವವರ ಕಿಡ್ನಿ ಕೈಬಿಟ್ಟಿದೆ. ಕೊಳವೆಯ ದಾರಿ ಬಿಡಿಸಿದ್ದು, ತಾವೇನು ಕೊಟ್ಟೆವೆಂದು ಅರಿಯದ ನೂರಾರು ಜನರ ಕಿಡ್ನಿಗಳು ಮಾಡಿ ಹೊರಗೆ ಚೆಲ್ಲಿದ ಕಿಣ್ವ. ಋಷಿಗೂ ನದಿಗೂ ಮೂಲ ಕೇಳದಿದ್ದರೆ ನಡೆದೀತು, ಸೀಸೆಗೆ ಕೇಳಲೇಬೇಕು ಎಂಬುದನ್ನು ಕಾಲಿಯ ಶಿಶುಗಳು ಕಲಿಸಿ ಹೋಗಿವೆ.